ಬಲೆಯ ಮೇಲಿನ ಚರಗ

ಗೇಟಿಗೆ ಹೊರಗಿನಿಂದ ಕೀಲಿ ಬಿದ್ದ ಸದ್ದು ಕೇಳಿದ ಮೇಲೆಯೇ ನನ್ನ ಪಾಠ ಶುರುವಾಗುತ್ತದೆ. ಆಳಂದದ ಈ ಸಾರ್ವಜನಿಕ ಸಸ್ಯೋದ್ಯಾನದ ಪದ್ಧತಿಯೇ ಹಾಗೆ. ಮಕ್ಕಳೆಲ್ಲ ಒಳಗೆ ಬಂದರೆಂದರೆ ವಾಚಮನ್ ಕಾಕಾ ಗೇಟು ಎಳೆದು, ಸರಪಳಿ ಸುತ್ತಿ, ಕೀಲಿ ಹಾಕಿ, ಚಾವಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಊಟಕ್ಕೋ ಚಹಾಕ್ಕೋ ಹೊರಟುಬಿಡುತ್ತಾರೆ. ಕೀಲಿ ಹಾಕದಿದ್ದರೆ ಆಡು ನುಗ್ಗುತ್ತವೆ, ಪ್ರೇಮಿಗಳು ನುಗ್ಗುತ್ತಾರೆ, ಹಗಲಲ್ಲೇ ಕುಡಿದವರು ಬಂದು ಸಿಮೆಂಟಿನ ಜಿಂಕೆಯ ನೆರಳಲ್ಲಿ ಮಲಗುತ್ತಾರೆ. ಹಿಂದೊಮ್ಮೆ ಆಡುಗಳು ಉದ್ಯಾನದ ಅಧಿಕಾರಿ ಸಾಹೇಬರ ಮೆಚ್ಚಿನ ದಾಸವಾಳದ ಸಾಲನ್ನು ಬೋಳಿಸಿ ಹೋಗಿ, ಕಾಕಾ ಎಲ್ಲರೆದುರು ಬೈಸಿಕೊಂಡಿದ್ದರಂತೆ. ಅಂದಿನಿಂದ ಅವರು ಮನುಷ್ಯರನ್ನೂ ನಂಬುವುದಿಲ್ಲ, ಆಡುಗಳನ್ನೂ ನಂಬುವುದಿಲ್ಲ, ಕೀಲಿಯನ್ನು ಮಾತ್ರ ನಂಬುತ್ತಾರೆ.

ನಾನು ವಿಜ್ಞಾನದ ಟೀಚರ್. ಹೈಸ್ಕೂಲಿನಲ್ಲಿ ನನ್ನ ಪಾಡಿಗೆ ಪಾಠ ಮಾಡಿಕೊಂಡಿದ್ದವಳನ್ನು ಒಂದು ಮಳೆಗಾಲದಲ್ಲಿ ಇಲ್ಲಿಗೆ ನಿಯೋಜನೆಯ ಮೇಲೆ ಕಳಿಸಿದರು. ಮಕ್ಕಳಿಗೆ ತೋಟಗಾರಿಕೆ ಕಲಿಸಬೇಕು, ಪರಿಸರ ಕಲಿಸಬೇಕು, ಒಂದೇ ಹಂಗಾಮು, ಆಮೇಲೆ ವಾಪಸ್ ಎಂದರು. ಆದೇಶದಲ್ಲಿ ಮಾತ್ರ ‘ಮುಂದಿನ ಆದೇಶದವರೆಗೆ’ ಎಂದು ಬರೆದಿತ್ತು. ಸರ್ಕಾರಿ ನೌಕರಿಯಲ್ಲಿರುವವರಿಗೆ ಆ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನಾನು ವಾಪಸ್ ಕಳಿಸಿರೆಂದು ಅರ್ಜಿ ಹಾಕಿದೆ. ಶಿಕ್ಷಣ ಇಲಾಖೆಯವರು ಉದ್ಯಾನದವರು ಬಿಡಬೇಕು ಎಂದರು, ಉದ್ಯಾನದವರು ಶಿಕ್ಷಣ ಇಲಾಖೆಯವರು ಕರೆಸಿಕೊಳ್ಳಬೇಕು ಎಂದರು. ಎರಡು ಕಡೆಯವರೂ ಚಹಾ ಕುಡಿಸಿ ಕಳಿಸಿದರು. ನಾನು ಹುಟ್ಟಿದ್ದು ಅಫಜಲಪುರದ ಕಡೆಯ ಕರಜಗಿಯಲ್ಲಿ. ಯಾರ ಹೊಲ ಎಂದು ನೋಡದೆ ಕಬ್ಬು ಮುರಿದು ತಿಂದು, ಕಾಲುವೆಯಲ್ಲಿ ಕಾಲು ಬಿಟ್ಟು ಬೆಳೆದವಳಿಗೆ ಈಟಿಯಂಥ ಸರಳುಗಳ ಬೇಲಿಯ ಒಳಗೆ ನಿಂತು ಪ್ರಕೃತಿಯ ಬಗ್ಗೆ ಪಾಠ ಮಾಡುವುದೆಂದರೆ ಉಸಿರು ಕಟ್ಟಿದಂತಾಗುತ್ತಿತ್ತು.

ಉದ್ಯಾನವಾದರೂ ಎಂಥದ್ದು! ಹೆಜ್ಜೆಗೊಂದು ಫಲಕ: ಗಿಡ ಮುಟ್ಟಬೇಡಿ, ಹುಲ್ಲಿನ ಮೇಲೆ ಕಾಲಿಡಬೇಡಿ, ಹೂ ಕೀಳಬೇಡಿ. ನೀರು ಬಾರದ ಕಾರಂಜಿ, ಬಣ್ಣ ಹೋದ ಸಿಮೆಂಟಿನ ಹುಲಿ, ಬೇವಿನ ಗಿಡಕ್ಕೂ ಲ್ಯಾಟಿನ್ ಹೆಸರಿನ ತಗಡು. ಪ್ರತಿ ಶನಿವಾರ ಬರುತ್ತಿದ್ದ ಏಳನೆಯ ತರಗತಿಯ ಮಕ್ಕಳು ಕೈಗಳನ್ನು ಹಿಂದೆ ಕಟ್ಟಿಕೊಂಡು ಸಾಲಾಗಿ ನಡೆಯುತ್ತಿದ್ದವು. ಮಣ್ಣು ಮುಟ್ಟದೆ ತೋಟಗಾರಿಕೆ ಕಲಿಸುವ ವಿದ್ಯೆ ನನಗೆ ಬರುವುದಿಲ್ಲ. ನಾನು ಜಗಳ ಮಾಡಿದೆ. ನೀರಿನ ಟ್ಯಾಂಕಿನ ಹಿಂದೆ, ಒಡೆದ ಕುಂಡಗಳನ್ನು ರಾಶಿ ಹಾಕುತ್ತಿದ್ದ ಒಂದು ತುಂಡು ಕರಿಮಣ್ಣಿನ ಜಾಗವಿತ್ತು. ಅದನ್ನು ಮಕ್ಕಳಿಗೆ ಬಿಟ್ಟುಕೊಡಿ ಎಂದು ಸಾಹೇಬರ ತಲೆ ತಿಂದೆ. ನನ್ನ ಕಾಟ ತಪ್ಪಿದರೆ ಸಾಕೆಂದು ಅವರು ಹೂಂ ಅಂದರು.

ಮಕ್ಕಳು ಕುಂಡದ ಚೂರು ಆರಿಸಿ, ಕಸ ಕಿತ್ತು, ಮುಂಗಾರಿಗೆ ತೊಗರಿ ಹಾಕಿದವು. ನಡುವೆ ಒಂದೊಂದು ಸಾಲು ಹೆಸರುಕಾಳು. ಒಬ್ಬೊಬ್ಬರಿಗೆ ಒಂದೊಂದು ಸಾಲನ್ನು ಹಂಚಿದೆ. ತಮ್ಮ ಮನೆಯಲ್ಲಿ ಎಕರೆಗಟ್ಟಲೆ ಹೊಲ ಇರುವ ಮಕ್ಕಳು ತಮ್ಮ ಸಾಲನ್ನು ಅಷ್ಟಕ್ಕಷ್ಟೇ ನೋಡಿಕೊಂಡವು. ಒಬ್ಬಳು ಹುಡುಗಿ ಮಾತ್ರ ತನ್ನ ಸಾಲಿನ ಎರಡೂ ಬದಿಗೆ ಮಣ್ಣಿನ ಹೆಂಟೆ ಜೋಡಿಸಿ ಬದು ಕಟ್ಟಿಕೊಂಡಳು. ಯಾರ ಕಾಲಾದರೂ ಅದಕ್ಕೆ ತಾಗಿತೋ, ‘ನನ್ನ ಬದು ತುಳಿಬ್ಯಾಡ ಲೇ, ಕಣ್ಣಿಲ್ಲೇನು?’ ಎಂದು ಮೈಮೇಲೆ ಬೀಳುತ್ತಿದ್ದಳು. ನಾನು ಅವಳನ್ನು ತಮಾಷೆಗೆ ಗೌಡ್ತಿ ಎಂದು ಕರೆಯತೊಡಗಿದೆ. ಅವಳು ಅದನ್ನು ತಮಾಷೆಯೆಂದು ತಿಳಿಯಲೇ ಇಲ್ಲ. ಗೌಡ್ತಿ ಅಂದರೆ ಹಾಂರಿ ಎಂದು ಗತ್ತಿನಲ್ಲೇ ಬರುತ್ತಿದ್ದಳು.

ಅವಳ ಮನೆಯವರು ಸರಸಂಬಾದಿಂದ ಬಂದು ಆಳಂದದ ಊರಂಚಿನಲ್ಲಿ ಇದ್ದವರು. ಬುದ್ಧನ ಫೋಟೋಕ್ಕೆ ಕೈಮುಗಿಯುವ ಮನೆ. ಒಂದು ಗುಂಟೆ ನೆಲವೂ ಅವರ ಹೆಸರಿನಲ್ಲಿಲ್ಲ. ತಾಯಿ ಸರಸಂಬಾದ ಒಬ್ಬ ಸಾವಕಾರರ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದರು. ತೊಗರಿ ಹೂ ಬಿಟ್ಟ ಒಂದು ಶನಿವಾರ ಹುಡುಗಿ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಕೇಳಿದಳು.

‘ಟೀಚರ್, ಹೊಲ ಇದ್ದವ್ರು ಎಳ್ಳಮಾಸಿಗಿ ಚರಗ ಚೆಲ್ಲಬೇಕಲ್ರಿ?’

‘ಹೌದು ಮತ್ತ. ಚೆಲ್ಲಬೇಕು.’

‘ಹಂಗಾರ ನಾನೂ ಚೆಲ್ಲಬೇಕ್ರಿ. ಪ್ರತಿ ವರ್ಷ ಸಾವಕಾರ್ರು ಚೆಲ್ಲೂದು, ನಾವು ಉಣ್ಣೂದೇ ಆಗ್ಯಾದ.’

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ನಮ್ಮ ಕಡೆ ಊರು ಖಾಲಿಯಾಗುವ ಹಬ್ಬ. ಸಜ್ಜಿ ಕಡುಬು, ಭಜ್ಜಿ ಪಲ್ಯ, ಅಂಬಲಿ ಎಲ್ಲ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಉಣ್ಣುವ ಮೊದಲು ಹೊಲದ ಒಡೆಯ ಆ ಅಡುಗೆಯನ್ನು ಕಲಸಿ, ಕೂಗು ಹಾಕುತ್ತ, ನಿಂತ ಬೆಳೆಯ ಮೇಲೆಲ್ಲ ಎರಚುತ್ತಾನೆ. ಅದೇ ಚರಗ. ಬಸುರಿಯಾದ ಭೂಮಿತಾಯಿಗೆ ಬಯಕೆಯ ಊಟ ಎನ್ನುತ್ತಾರೆ. ಹೊಲ ಇಲ್ಲದವರನ್ನು ಹೊಲ ಇದ್ದವರು ಕರೆದು ಹೊಟ್ಟೆ ತುಂಬ ಉಣ್ಣಿಸುತ್ತಾರೆ, ಅದರಲ್ಲಿ ಕೊರತೆ ಮಾಡುವುದಿಲ್ಲ. ಆದರೆ ಚೆಲ್ಲುವ ಕೈ ಒಡೆಯನದೇ.

ನಾನು ಆ ದಿನ ಆಯಿತು ಎಂದು ಮಾತು ಕೊಟ್ಟೆ. ಅಷ್ಟೇ ಅಲ್ಲ, ಅದನ್ನೇ ಹಿಡಿದು ಪಾಠ ಮಾಡಿದೆ. ಚರಗ ಚೆಲ್ಲುವ ಹೊತ್ತಿಗೆ ತೊಗರಿಯಲ್ಲಿ ಕಾಯಿ ಇರುತ್ತದೆ, ಕಾಯಿಯಲ್ಲಿ ಹಸಿರು ಕೀಡೆ ಇರುತ್ತದೆ. ಅನ್ನಕ್ಕೆಂದು ಬಂದ ಹಕ್ಕಿಗಳು ಕೀಡೆಯನ್ನು ಕಂಡು ಅದನ್ನೂ ತಿನ್ನುತ್ತವೆ. ಹೊಲಕ್ಕೆ ಹಕ್ಕಿ ಬೇಕು, ಹಕ್ಕಿಗೆ ಹೊಲ ಬೇಕು, ಪರಿಸರ ಎಂದರೆ ಇದೇ ಎಂದೆ. ಮನೆಯಲ್ಲಿ ಅಜ್ಜಂದಿರು ಮಾಡುವುದೇ ಪಾಠವಾಗಿದ್ದಕ್ಕೆ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದವು. ಬಹಳ ದಿನಗಳ ಮೇಲೆ ನನಗೆ ನಾನು ಟೀಚರ್ ಎನ್ನುವುದು ನೆನಪಾಯಿತು.

ಮುಂದಿನ ವಾರ ಬಲೆ ಬಂತು.

ಹೊಸ ವರ್ಷಕ್ಕೆ ಮೇಲಿನ ಅಧಿಕಾರಿಯೊಬ್ಬರು ಉದ್ಯಾನ ನೋಡಲು ಬರುವವರಿದ್ದರು. ಗಿಳಿಗಳು ತೊಗರಿಯ ಎಳೆಗಾಯಿ ಸುಲಿದು ತಿನ್ನುವುದನ್ನು ನಮ್ಮ ಸಾಹೇಬರು ಕಂಡಿದ್ದರು. ನಾನು ಬೆಳಿಗ್ಗೆ ಹೋಗಿ ನೋಡುತ್ತೇನೆ, ಮಕ್ಕಳ ಹೊಲದ ಸುತ್ತ ಆಳೆತ್ತರದ ಕಬ್ಬಿಣದ ಪೈಪು ನಿಲ್ಲಿಸಿ, ಮೇಲಿನಿಂದ ಕೆಳಗಿನವರೆಗೆ ಹಸಿರು ನೈಲಾನ್ ಬಲೆ ಹೊದಿಸಿದ್ದಾರೆ. ಬುಡಕ್ಕೆ ಗೂಟ ಬಡಿದು ಹಗ್ಗ ಬಿಗಿದಿದ್ದಾರೆ. ಒಳಗೆ ಹೋಗಲು ಒಂದು ಮೂಲೆಯಲ್ಲಿ ಬಲೆಯದೇ ಪರದೆ ಇಳಿಬಿಟ್ಟ ಸಣ್ಣ ಕಿಂಡಿ. ಹಕ್ಕಿ ಹೋಗಲಾರದು. ಆದರೆ ಪತಂಗ ಆಗಲೇ ಒಳಗೆ ಮೊಟ್ಟೆ ಇಟ್ಟುಹೋಗಿತ್ತು. ಕೆಲವೇ ದಿನಗಳಲ್ಲಿ ಕಾಯಿ ಕಾಯಿಗೂ ತೂತು. ಕೀಡೆಗಳಿಗೆ ಅಂಥ ಸುಖ ಯಾವ ಹೊಲದಲ್ಲೂ ಸಿಕ್ಕಿರಲಿಕ್ಕಿಲ್ಲ. ಹೊರಗೆ ಪೈಪಿನ ಮೇಲೆ ಒಂದು ಕಾಜಾಣ ಕೂತು, ಬಾಲ ಕುಣಿಸುತ್ತ, ಒಳಗಿನ ಔತಣವನ್ನು ನೋಡುತ್ತಿತ್ತು.

ನಾನು ಸಿಟ್ಟಿನಿಂದಲೇ ಸಾಹೇಬರ ಕೋಣೆಗೆ ಹೋದೆ.

‘ಸರ್, ಆ ಬಲೆ ತಗಸ್ರಿ. ಕೀಡಿ ಹೊಲಾನೇ ತಿನ್ನಾಕತ್ತಾವ.’

‘ಮೇಡಂ, ಗಿಳಿ ಕಾಯಿ ಹಾಳ ಮಾಡಾಕತ್ತಿದ್ವು. ದೊಡ್ಡ ಸಾಹೇಬ್ರು ಬರೋತನಾ ಬೆಳಿ ಉಳೀಬೇಕಿಲ್ಲ?’

‘ಗಿಳಿ ತಿನ್ನೂದು ಜರಾ. ಉಳಿದ ಹಕ್ಕಿ ಕೀಡಿ ತಿಂತಾವ್ರಿ. ನಿಮ್ಮ ಜೇವರ್ಗಿ ಹೊಲದಾಗ ನೀವು ಚರಗ ಚೆಲ್ಲೂದಿಲ್ಲೇನ್ರಿ?’

ಸಾಹೇಬರು ಜೇವರ್ಗಿ ಕಡೆಯ ಒಕ್ಕಲು ಮನೆತನದವರು. ಎಳ್ಳಮಾಸಿಗೆ ರಜೆ ಹಾಕಿ ಊರಿಗೆ ಹೋಗುವುದನ್ನು ಒಂದು ವರ್ಷವೂ ತಪ್ಪಿಸಿದವರಲ್ಲ. ಅವರು ನಕ್ಕುಬಿಟ್ಟರು. ‘ಚೆಲ್ಲದೇ ಏನ್ರಿ? ನಮ್ಮಪ್ಪನ ಕಾಲದಿಂದ ಚೆಲ್ಲಾಕತ್ತೇವಿ. ಆದ್ರ ಅದು ಹಬ್ಬರಿ ಮೇಡಂ. ಇದು ಡ್ಯೂಟಿ.’

ಮನೆಯ ಹೊಲದಲ್ಲಿ ಹಕ್ಕಿಗೆ ಊಟ, ಸರ್ಕಾರದ ಹೊಲದಲ್ಲಿ ಹಕ್ಕಿಗೆ ಬಲೆ. ಒಂದೇ ತಲೆಯಲ್ಲಿ ಎರಡೂ ಹೇಗೆ ಹಿಡಿಸುತ್ತವೋ ನನಗೆ ತಿಳಿಯದು. ಕೀಡೆಯಾಗಿದ್ದರೆ ಔಷಧ ಹೊಡೆಸಿ ಎಂದರು. ಮಕ್ಕಳು ಕೈಯಾಡಿಸುವ ಜಾಗದಲ್ಲಿ ವಿಷ ಹೊಡೆಸುವುದಿಲ್ಲ ಎಂದೆ. ಆಗ ಅವರು ಕುರ್ಚಿಗೆ ಒರಗಿ, ಸಿಟ್ಟಿಲ್ಲದೆ, ಉಪಕಾರ ಮಾಡುವ ದನಿಯಲ್ಲಿ ಹೇಳಿದರು.

‘ನೋಡ್ರಿ, ದೊಡ್ಡ ಸಾಹೇಬ್ರು ಬಂದಾಗ ಬೆಳಿ ಛಲೋ ಕಂಡ್ರ ಇಟ್ಕೊಳ್ಳೂಣು. ಹಾಳಾಗಿತ್ತಂದ್ರ ಅಲ್ಲಿ ಪೇವರ್ ಹಾಕಿಸಿ ಸೆಲ್ಫಿ ಪಾಯಿಂಟ್ ಮಾಡಿಸ್ತೇನಿ. ನಿಮಗೂ ಛಲೋನೇ ಆತು. ಮಕ್ಕಳ ಹೊಲಾನೇ ಇಲ್ಲಂದ ಮ್ಯಾಲ ನಿಮ್ಮ ಕೆಲಸ ಇಲ್ಲೇನದ? ಆರಾಮ ನಿಮ್ಮ ಸಾಲಿಗಿ ಹೋಗ್ರಿ.’

ಹೊರಗೆ ಬಂದು ಬೇವಿನ ಕೆಳಗೆ ನಿಂತೆ. ಒಂದು ಗಳಿಗೆ ನನಗೆ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ. ನಾನು ಏನೂ ಮಾಡಬೇಕಾಗಿರಲಿಲ್ಲ. ಕೈಕಟ್ಟಿ ಕೂತರೆ ಕೀಡೆಗಳೇ ನನ್ನನ್ನು ಬಿಡಿಸುತ್ತಿದ್ದವು. ಯಾವ ಕಚೇರಿಗೂ ಆಗದ ಕೆಲಸ ಅದು. ಆಮೇಲೆ ಟ್ಯಾಂಕಿನ ಹಿಂದೆ ಹೋಗಿ ಹೆಂಟೆಯ ಬದುವನ್ನು ನೋಡಿದೆ. ಮಳೆಗೆ ಕರಗಿದಲ್ಲೆಲ್ಲ ಗೌಡ್ತಿ ಅದಕ್ಕೆ ಮತ್ತೆ ಮಣ್ಣು ಮೆತ್ತಿದ್ದಳು. ನನ್ನ ಖುಷಿ ನನಗೇ ಕಹಿಯಾಯಿತು. ಹೊಲ ಉಳಿದರೆ ನಾನು ಇಲ್ಲೇ, ನಾನು ಹೊರಬಿದ್ದರೆ ಅವಳ ಹೊಲ ಹೋಯಿತು. ಇಂಥ ಕಡೆ ಸಿಕ್ಕಿಕೊಂಡೆನಲ್ಲ ಎಂದು ನನ್ನ ಮೇಲೆಯೇ ರೇಗಿತು.

ಆ ಶನಿವಾರಗಳಲ್ಲಿ ಮಕ್ಕಳು ಕಿಂಡಿಯಿಂದ ನುಸುಳಿ, ಗಿಡದ ಬುಡಕ್ಕೆ ಹಳೆಯ ಸೀರೆ ಹಾಸಿ, ಗಿಡ ಅಲುಗಾಡಿಸಿ ಕೀಡೆ ಉದುರಿಸಿದವು. ನಮ್ಮ ಕಡೆ ಹೊಲಗಳಲ್ಲಿ ಹಾಗೆ ಮಾಡುವುದುಂಟು. ಉದುರಿದ್ದನ್ನು ಕಿಂಡಿಯಿಂದ ಹೊರಗೆ ಎಸೆದರೆ ಅದು ನೆಲ ಮುಟ್ಟುವ ಮೊದಲೇ ಕಾಜಾಣ ಹಿಡಿಯುತ್ತಿತ್ತು. ಆದರೆ ಒಂದು ವಾರದಲ್ಲಿ ಮತ್ತೆ ಅಷ್ಟೇ ಕೀಡೆ. ನಮ್ಮ ಕೈ ಸಾಲುತ್ತಿರಲಿಲ್ಲ.

ಎಳ್ಳಮಾಸಿಯ ಬೆಳಿಗ್ಗೆ ನನ್ನ ಗಂಡನ ಮನೆಯಲ್ಲಿ ದೊಡ್ಡ ಗದ್ದಲ. ಅವರ ಹೊಲ ಮಟಕಿ ಎನ್ನುವ ಹಳ್ಳಿಯಲ್ಲಿದೆ. ಬುಟ್ಟಿಗಳನ್ನು ಟೆಂಪೋಕ್ಕೆ ಏರಿಸುವ ಹೊತ್ತಿನಲ್ಲಿ ನಾನು, ನೀವು ಮುಂದೆ ನಡೀರಿ, ನಾನು ಉದ್ಯಾನಕ್ಕೆ ಹೋಗಿ ಹಿಂದಿನಿಂದ ಬರುತ್ತೇನೆ ಎಂದೆ. ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಂಡು, ‘ಹಬ್ಬದ ದಿನಾನೂ ಸರ್ಕಾರ ಬಿಡಂಗಿಲ್ಲೇನವ್ವ ನಿನ್ನ?’ ಎಂದರು. ಸರ್ಕಾರ ಅಲ್ಲ ಎಂದು ಹೇಳಿದ್ದರೆ ಮಾತು ಬೆಳೆಯುತ್ತಿತ್ತು. ಇಲ್ರಿ ಅತ್ತಿ, ಬಿಡಂಗಿಲ್ಲ ಎಂದು ಹೊರಟೆ.

ಗೇಟಿನ ಹತ್ತಿರ ಗೌಡ್ತಿ ಮತ್ತು ಅವಳ ತಾಯಿ ಆಗಲೇ ಬಂದು ನಿಂತಿದ್ದರು. ಹುಡುಗಿಯ ತಲೆಯ ಮೇಲೆ ಬಟ್ಟೆ ಮುಚ್ಚಿದ ಬುಟ್ಟಿ. ಎರಡೂ ಜಡೆಗೆ ಕೆಂಪು ರಿಬ್ಬನ್. ಇಲ್ಲಿ ಚರಗ ಚೆಲ್ಲಿ, ಅಲ್ಲಿಂದ ಸಾವಕಾರರ ಹೊಲದ ಊಟಕ್ಕೆ ಹೋಗುವುದೆಂದು ಅವರ ಲೆಕ್ಕ. ತಾಯಿ ನಾಚಿಕೊಂಡು ಹೇಳಿದರು.

‘ನಮ್ಮ ಮನ್ಯಾಗ ಪೂಜಿಗೀಜಿ ಏನಿಲ್ರಿ ಟೀಚರ್. ಆದ್ರ ಭೂಮಿಗಿ ಉಣ್ಣಸೂದು ಪೂಜಿ ಏನಲ್ಲ ಬಿಡ್ರಿ. ರಾತ್ರೆಲ್ಲ ನಿದ್ದಿ ಮಾಡಿಲ್ಲ ಇದು. ಮತ್ತ ನೀವು ಇದಕ್ಕ ಗೌಡ್ತಿ ಅನಬ್ಯಾಡ್ರಿ. ಯಾರರೆ ಕೇಳಿದ್ರ ನಗ್ತಾರ.’

ವಾಚಮನ್ ಕಾಕಾ ಹೊಸ ಧೋತರ ಉಟ್ಟು ಅವಸರದಲ್ಲಿದ್ದರು. ನಮ್ಮನ್ನು ಒಳಗೆ ಬಿಟ್ಟು, ‘ನಮ್ಮ ಹೊಲಕ್ಕ ಹೋಗಿ ಚರಗ ಚೆಲ್ಲಿ ಅರ್ಧ ತಾಸಿನ್ಯಾಗ ಬರ್ತೇನ್ರಿ’ ಎಂದರು. ಇವತ್ತಾದರೂ ಕೀಲಿ ಬಿಡಿ ಕಾಕಾ ಎಂದು ನಾನು ಹೇಳುವಷ್ಟರಲ್ಲಿ ಸರಪಳಿ ಸುತ್ತಿ ಆಗಿತ್ತು.

ಹುಡುಗಿ ಬುಟ್ಟಿ ಇಳಿಸಿ, ಕಡುಬು ಪುಡಿ ಮಾಡಿ, ಭಜ್ಜಿ ಸೇರಿಸಿ, ಅಂಬಲಿ ಹಾಕಿ ಕಲಸಿದಳು. ಹೊಲದ ಸುತ್ತ ಬರುತ್ತ, ಸಾವಕಾರರು ಕೂಗುವಂತೆಯೇ ದನಿ ದಪ್ಪ ಮಾಡಿ ಕೂಗುತ್ತ, ಕೈ ಎತ್ತಿ ಎತ್ತಿ ಎರಚಿದಳು. ಎಷ್ಟು ವರ್ಷ ನೋಡಿ ನೋಡಿ ಕಲಿತದ್ದೋ, ಒಂದು ಬೀಸೂ ತಪ್ಪಲಿಲ್ಲ. ಆದರೆ ಅನ್ನ ಹೊಲಕ್ಕೆ ಬೀಳಲಿಲ್ಲ. ಬಲೆಯ ಮೇಲೆ ಬಿದ್ದು ಅಲ್ಲೇ ನಿಂತಿತು. ಅಂಬಲಿ ಮಾತ್ರ ತೊಟ್ಟಿಕ್ಕಿತು. ಸ್ವಲ್ಪ ಹೊತ್ತಿಗೆ ಗೊರವಂಕಗಳು ಬಂದವು, ಗುಬ್ಬಿಗಳು ಬಂದವು, ಬಲೆಯ ಮೇಲೆ ತೂಗಾಡುತ್ತ ಕಡುಬು ಹೆಕ್ಕಿದವು. ಅವುಗಳ ಕಾಲ ಕೆಳಗೇ, ಮೊಳ ಅಂತರದಲ್ಲಿ, ಕೀಡೆಗಳು ಕಾಯಿಯಲ್ಲಿ ತಲೆ ತೂರಿಸಿಕೊಂಡು ನೆಮ್ಮದಿಯಾಗಿದ್ದವು.

‘ಟೀಚರ್, ನೀವು ಹೇಳಿದಂಗ ಹಕ್ಕಿ ಬಂದಾವ್ರಿ’ ಎಂದಳು ಗೌಡ್ತಿ. ಆಮೇಲೆ ಸಣ್ಣ ದನಿಯಲ್ಲಿ, ‘ಆದ್ರ ಕೆಳಗ ಬರಂಗಿಲ್ಲಲ್ರಿ’ ಎಂದಳು.

ನಡೀರಿ, ಹೊತ್ತಾಯಿತು ಎಂದು ಗೇಟಿಗೆ ಬಂದೆ. ಕಾಕಾ ಬಂದಿರಲಿಲ್ಲ. ಅವರ ಫೋನು ಹತ್ತಲಿಲ್ಲ. ಸಾಹೇಬರು ಜೇವರ್ಗಿಯಲ್ಲಿ, ಇನ್ನೊಂದು ಚಾವಿ ಅವರ ಕೋಣೆಯ ಒಳಗೆ, ಕೋಣೆಗೆ ಇನ್ನೊಂದು ಕೀಲಿ. ಬಿಸಿಲು ಏರಿತು. ಗಂಡ ಫೋನ್ ಮಾಡಿ ಎಲ್ಲಿದ್ದಿ ಎಂದರು. ಉದ್ಯಾನದಲ್ಲಿ ಕೀಲಿ ಹಾಕಿ ಹೋಗಿದ್ದಾರೆ ಎಂದೆ. ಅವರು ನಂಬಲಿಲ್ಲ. ಮಟಕಿಯ ಹೊಲದಲ್ಲಿ ಎಲ್ಲರೂ ನಗುವುದು ನನಗೆ ಫೋನಿನಲ್ಲೇ ಕೇಳಿಸಿತು. ಊಟ ಮುಗಿಸಿ ಯಾರನ್ನಾದರೂ ಕಳಿಸುತ್ತೇನೆ ಎಂದರು, ಕಳಿಸಲಿಲ್ಲ.

ನಾನು ಸರಳು ಹಿಡಿದು ಕೂಗಿದೆ. ರಸ್ತೆಯಲ್ಲಿ ನಾಯಿಯೂ ಇರಲಿಲ್ಲ. ಕೊನೆಗೆ ಒಂದು ಟ್ರ್ಯಾಕ್ಟರ್ ಬಂತು, ಟ್ರಾಲಿಯ ತುಂಬ ಹೊಲಕ್ಕೆ ಹೊರಟ ಮಂದಿ. ನಾನು ಎರಡೂ ಕೈ ಬೀಸಿದೆ. ಅವರೂ ಎರಡೂ ಕೈ ಬೀಸಿದರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ‘ಟೀಚರ್, ಹಬ್ಬ ಜೋರದ ಅಲ್ರಿ!’ ಎಂದು ಕೂಗುತ್ತ ಹೋಗಿಬಿಟ್ಟ. ನಾನು ಗೇಟಿಗೆ ಒದ್ದೆ. ಕಾಲು ನೋಯಿತು, ಗೇಟಿಗೇನೂ ಆಗಲಿಲ್ಲ. ನನಗೆ ಅಳು ಬಂತು. ಬೆಳಗಿನ ಒಂದು ಕೀಲಿಗೆ ಬಂದ ಅಳುವಲ್ಲ ಅದು. ಇಲ್ಲಿಗೆ ಬಂದಾಗಿನಿಂದ ಹಿಡಿದಿಟ್ಟದ್ದು.

ಹುಡುಗಿಯ ತಾಯಿ ನನಗಿಂತ ಕಂಗೆಟ್ಟಿದ್ದರು. ‘ಸಾವಕಾರ್ರು ಊಟಕ್ಕ ಕರದಾರ್ರಿ. ಹೋಗ್ದಿದ್ರ ಸೊಕ್ಕು ಬಂತು ಅಂತಾರ. ನಾಳಿ ರಾಶಿಗಿ ಕರೀತಾರೋ ಇಲ್ಲೋ’ ಎನ್ನುತ್ತ ಗೇಟಿನಿಂದ ನೆರಳಿಗೆ, ನೆರಳಿನಿಂದ ಗೇಟಿಗೆ ಓಡಾಡುತ್ತಿದ್ದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಸಿಟ್ಟು ಎಲ್ಲಾದರೂ ಹೋಗಬೇಕಿತ್ತಲ್ಲ, ನಾನು ಶೆಡ್ಡಿನಿಂದ ಕುಡುಗೋಲು ತಂದು ಬಲೆ ಕೊಯ್ಯಲು ನಿಂತೆ. ತಾಯಿ ಓಡಿ ಬಂದು ಕೈ ಹಿಡಿದರು.

‘ಬ್ಯಾಡ್ರಿ ಟೀಚರ್. ನಿಮಗ ಯಾರೂ ಏನೂ ಅನ್ನಂಗಿಲ್ಲ. ಒಳಗ ನಾವೂ ಇದ್ವಿ ಅಂತ ಗೊತ್ತಾದ್ರ ನಮ್ಮ ಮ್ಯಾಲೇ ಬರ್ತದ.’

ಅವರು ಹೇಳಿದ್ದು ನಿಜವಾಗಿತ್ತು. ಕುಡುಗೋಲು ಕೆಳಗಿಟ್ಟೆ. ಗೌಡ್ತಿ ಆ ಹೊತ್ತಿಗೆ ಗೂಟದ ಹತ್ತಿರ ಕೂತು ಹಗ್ಗದ ಗಂಟನ್ನು ತಿರುಗಿಸಿ ನೋಡುತ್ತಿದ್ದಳು.

‘ಕೊಯ್ಯೂದು ಯಾಕ್ರಿ? ಬಿಚ್ಚಿದ್ರ ಆತಲ್ರಿ. ಕಾಕಾ ಬರೂದ್ರಾಗ ಮತ್ತ ಕಟ್ಟೂಣು.’

‘ಯಾರರೆ ನೋಡಿದ್ರ ಏನ್ ಮಾಡ್ತಿ ಬೇ?’ ಎಂದರು ತಾಯಿ.

‘ಯಾರ್ ನೋಡ್ತಾರವ್ವ? ಗೇಟಿಗಿ ಕೀಲಿ ಅದಲ್ಲ.’

ನಾವಿಬ್ಬರೂ ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬೆಳಗಿನಿಂದ ಆ ಕೀಲಿಯನ್ನು ಶಪಿಸುತ್ತಿದ್ದೆ, ಅದು ಹೊರಗಿನವರನ್ನೂ ಹೊರಗಿಟ್ಟಿದೆ ಎನ್ನುವುದು ನನಗೆ ಹೊಳೆದಿರಲಿಲ್ಲ. ಮೂವರೂ ಕೂಡಿ ಗಂಟು ಬಿಚ್ಚಿ, ಬಲೆಯನ್ನು ಪೈಪಿನ ಮೇಲೆ ಸರಿಸುತ್ತ, ಪರದೆ ಎಳೆದಂತೆ ಒಂದು ಬದಿಗೆ ಎಳೆದೆವು. ಮೇಲೆ ಸಿಕ್ಕಿದ್ದ ಅನ್ನವೆಲ್ಲ ತೊಗರಿಯ ಮೇಲೆ ಉದುರಿತು. ಗೌಡ್ತಿ ಉಳಿದದ್ದನ್ನು ಹಿಡಿದು ತನ್ನ ಸಾಲಿಗೆ ಇಳಿದು, ಈ ಸಲ ಕೂಗದೆ, ಗಿಡ ಗಿಡಕ್ಕೂ ಇಷ್ಟಿಷ್ಟೇ ಹಾಕಿದಳು.

ಕಾಜಾಣ ಮೊದಲು ಇಳಿಯಿತು. ಆಮೇಲೆ ಗೊರವಂಕಗಳು. ಎಲ್ಲಿಂದಲೋ ಬೆಳ್ಳಕ್ಕಿಗಳೂ ಬಂದು ಸಾಲಿನ ನಡುವೆ ಕತ್ತು ಚಾಚಿಕೊಂಡು ನಡೆದವು. ನಾವು ಟ್ಯಾಂಕಿನ ನೆರಳಲ್ಲಿ ಕೂತು ನೋಡಿದೆವು. ಹೊಟ್ಟೆ ಹಸಿದಿತ್ತು. ತಾಯಿ ಬುಟ್ಟಿಯಿಂದ ಕಡುಬು ತೆಗೆದು ಮಗಳಿಗೆ ಕೊಟ್ಟರು, ಇನ್ನೊಂದನ್ನು ಹಿಡಿದು ನನ್ನ ಕಡೆ ನೋಡಿ, ‘ನೀವು ಉಣ್ತೀರೇನ್ರಿ?’ ಎಂದರು. ಉಣ್ಣದೇ ಏನ್ರಿ ಎಂದು ಕೈ ಚಾಚಿದೆ. ಆ ಪ್ರಶ್ನೆಗೆ ನನಗೆ ಸಿಟ್ಟು ಬಂತು. ಅವರು ಹಾಗೆ ಕೇಳಲು ಕಾರಣ ಇದೆ, ಆ ಕಾರಣದಲ್ಲಿ ನನ್ನ ಮನೆಯವರೂ ಇದ್ದಾರೆ ಎನ್ನುವುದಕ್ಕೆ ಇನ್ನೂ ಸಿಟ್ಟು ಬಂತು. ಕಡುಬು ಮಾತ್ರ ನಮ್ಮ ಮನೆಯದಕ್ಕಿಂತ ಮೆತ್ತಗಿತ್ತು, ಹಾಗೆಂದು ಹೇಳಿದೆ. ಅವರು ಮೊದಲ ಸಲ ನಕ್ಕರು.

ಹೊತ್ತು ಇಳಿದಾಗ ಬಲೆಯನ್ನು ಮತ್ತೆ ಹೊದಿಸಬೇಕಾಯಿತು. ಗೌಡ್ತಿ ಒಳಗೆಲ್ಲ ಓಡಾಡಿ ಹಕ್ಕಿಗಳನ್ನು ಓಡಿಸಿದಳು, ಒಂದೂ ಒಳಗೆ ಉಳಿಯಬಾರದೆಂದು ಗಿಡ ಗಿಡ ನೋಡಿದಳು. ಆಮೇಲೆ ತನ್ನ ಹೊಲದ ಮೇಲೆ ಬಲೆಯನ್ನು ತಾನೇ ಎಳೆದು, ತಾನೇ ಗಂಟು ಹಾಕಿದಳು. ಮೊದಲು ಇದ್ದ ಹಾಗೆಯೇ ಗಂಟು. ನಾನು ನೆರವಿಗೆ ಹೋದರೆ, ‘ನಿಮ್ಮ ಗಂಟು ಬ್ಯಾರೆ ಕಾಣ್ತದ್ರಿ, ಸಿಕ್ಕೋತೀವಿ’ ಎಂದಳು.

ಸಂಜೆ ಕಾಕಾ ಓಡುತ್ತ ಬಂದರು. ದಾರಿಯ ಮೇಲಿನ ಹೊಲ ಹೊಲದವರೂ ಕೈ ಹಿಡಿದು ಕೂರಿಸಿದರಂತೆ. ಎಳ್ಳಮಾಸಿಯ ದಿನ ಕರೆದವರಿಗೆ ಒಲ್ಲೆ ಎನ್ನಲು ಯಾರಿಗೂ ಬರುವುದಿಲ್ಲ. ಕೈ ಮುಗಿದರು, ಸಾಹೇಬರಿಗೆ ಹೇಳಬೇಡಿ ಎಂದರು. ನಾನು ಗಂಭೀರವಾಗಿ, ಹೇಳುವುದಿಲ್ಲ ಬಿಡಿ ಕಾಕಾ ಎಂದೆ. ಆ ದಿನದ ಬೆಲೆ ತೆತ್ತವರು ಹುಡುಗಿಯ ತಾಯಿ. ಆ ಹಂಗಾಮಿನ ರಾಶಿಯ ಕೂಲಿಗೆ ಸಾವಕಾರರು ಅವರನ್ನು ಕರೆಯಲಿಲ್ಲ.

ಮರುದಿನದಿಂದ ನನಗೊಂದು ಹೊಸ ಡ್ಯೂಟಿ ಶುರುವಾಯಿತು. ಮಧ್ಯಾಹ್ನ ಕಾಕಾ ಕೀಲಿ ಹಾಕಿ ಊಟ ಮಾಡಲು ಹೋದೊಡನೆ ನಾನು ಗಂಟು ಬಿಚ್ಚುತ್ತಿದ್ದೆ. ಅವರು ಬರುವ ಮೊದಲು, ಗೌಡ್ತಿ ಕಲಿಸಿದ ಗಂಟು ಹಾಕುತ್ತಿದ್ದೆ. ಶನಿವಾರ ಮಕ್ಕಳೆಲ್ಲ ಕೂಡಿ ಬಿಚ್ಚುತ್ತಿದ್ದವು. ಕಾಕಾನ ಚಾವಿಯ ಸದ್ದು ಕೇಳಿದೊಡನೆ ಎಲ್ಲ ಮೊದಲಿನಂತೆ. ಸರ್ಕಾರಿ ನೌಕರಳಾದ ನಾನು, ಹಕ್ಕಿಗಳಿಗೆ ಕದ್ದು ಬಾಗಿಲು ತೆಗೆಯುವುದನ್ನು ಮಕ್ಕಳಿಗೆ ಕಲಿಸುತ್ತಿದ್ದೆ. ಬೆಳೆ ಪೂರ್ತಿ ಉಳಿಯಲಿಲ್ಲ. ಆದರೆ ನೋಡುವವರ ಕಣ್ಣಿಗೆ ಚೆನ್ನಾಗಿ ಕಾಣುವಷ್ಟು ಉಳಿಯಿತು.

ದೊಡ್ಡ ಸಾಹೇಬರು ಬಂದರು. ಹಾರ, ಫೋಟೋ ಎಲ್ಲ ಮುಗಿದ ಮೇಲೆ ನಮ್ಮ ಸಾಹೇಬರು ಅವರನ್ನು ಟ್ಯಾಂಕಿನ ಹಿಂದೆ ಕರೆತಂದರು. ಮಕ್ಕಳು ತಮ್ಮ ತಮ್ಮ ಸಾಲಿನ ಎದುರು ನಿಂತಿದ್ದವು. ತೊಗರಿ ತುಂಬಿ ತೂಗುವುದನ್ನು ಕಂಡು ದೊಡ್ಡ ಸಾಹೇಬರಿಗೆ ನಿಜಕ್ಕೂ ಸಂತೋಷವಾಯಿತು. ಸುತ್ತಲಿನ ಹೊಲಗಳಲ್ಲಿ ಈ ವರ್ಷ ಕೀಡೆ ಬಹಳ, ಇಲ್ಲಿ ಹೇಗೆ ಉಳಿಯಿತು ಎಂದು ಕೇಳಿದರು. ನಮ್ಮ ಸಾಹೇಬರು ಕೂಡಲೇ ಬಲೆಯ ಕಡೆ ಕೈ ಮಾಡಿದರು. ದೊಡ್ಡವರು, ‘ನೀವಲ್ರಿ, ಮಕ್ಕಳು ಹೇಳಲಿ’ ಎಂದು ನಕ್ಕು, ಬದು ಕಟ್ಟಿದ ಸಾಲಿನೆದುರು ನಿಂತಿದ್ದ ಹುಡುಗಿಯ ಮುಂದೆ ಬಗ್ಗಿದರು.

‘ಹೇಳವ್ವ, ಬೆಳಿ ಹೆಂಗ ಉಳೀತು?’

ಅವಳು ನನ್ನ ಕಡೆ ನೋಡಿದಳು. ನಾನೇ ಕಲಿಸಿದ ಪಾಠ ಅವಳಿಗೆ ಬಾಯಿಪಾಠ. ಹಕ್ಕಿಗಳು ಕೀಡೆ ತಿಂದವು ಎಂದು ಅವಳು ಹೇಳಿದರೆ ಸಾಕು, ಹಕ್ಕಿಗಳು ಒಳಗೆ ಬಂದದ್ದು ಹೇಗೆ ಎಂದು ಕೇಳುತ್ತಾರೆ. ಬಲೆ ಬಿಚ್ಚಿದವಳು ನಾನು ಎಂದು ಗೊತ್ತಾಗುತ್ತದೆ. ಅವತ್ತೇ ನನ್ನನ್ನು ಶಾಲೆಗೆ ಅಟ್ಟುತ್ತಾರೆ. ನಾನು ಎಷ್ಟೋ ಅರ್ಜಿಗಳಲ್ಲಿ ಬೇಡಿದ್ದು ಅವಳ ನಾಲಿಗೆಯ ತುದಿಯಲ್ಲಿ ಇತ್ತು. ಹೇಳು ಗೌಡ್ತಿ, ಖರೇ ಹೇಳು ಎಂದು ನನ್ನ ಮನಸ್ಸು ಕೂಗುತ್ತಿತ್ತು. ಹೇಳಬೇಡ, ನಿನ್ನ ಹೊಲ ಹೋಗುತ್ತದೆ ಎಂದೂ ಅದೇ ಮನಸ್ಸು ಕೂಗುತ್ತಿತ್ತು.

‘ಬಲಿ ಹಾಕಿದ್ದಕ್ರಿ ಸರ್’ ಎಂದಳು ಗೌಡ್ತಿ.

ಎಲ್ಲರೂ ಚಪ್ಪಾಳೆ ತಟ್ಟಿದರು. ದೊಡ್ಡ ಸಾಹೇಬರು ಉದ್ಯಾನದ ಉಳಿದ ಮಡಿಗಳಿಗೂ ಬಲೆ ಹಾಕಿಸಿ ಎಂದರು. ಮಕ್ಕಳ ಹೊಲ ಹೀಗೇ ಇರಲಿ ಎಂದರು. ಹೊರಡುವಾಗ ನನ್ನನ್ನು ತೋರಿಸಿ, ಈ ಮೇಡಂನ ಇಲ್ಲಿಂದ ಬಿಡಬ್ಯಾಡ್ರಿ, ಇವರನ್ನೇ ಮುಂದುವರಿಸಿ ಎಂದು ನಮ್ಮ ಸಾಹೇಬರಿಗೆ ಹೇಳಿದರು. ನಾನು ಕೈ ಮುಗಿದೆ. ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ.

ಜೀಪುಗಳು ಹೋದ ಮೇಲೆ ಗೌಡ್ತಿ ನನ್ನ ಹತ್ತಿರ ಬಂದು ಸೆರಗು ಎಳೆದಳು. ಅವಳ ಮುಖದಲ್ಲಿ ಏನನ್ನೋ ಗೆದ್ದ ಹೊಳಪಿತ್ತು.

‘ಟೀಚರ್, ಖರೇ ಹೇಳಿದ್ರ ನಿಮ್ಮನ್ನ ಇಲ್ಲಿಂದ ಕಳಿಸಿಬಿಡ್ತಿದ್ರು. ಅದಕ್ಕ ನಾ ಸುಳ್ಳ ಹೇಳ್ದೆ.’

ನಾನು ಬಿಡಿಸಿಕೊಳ್ಳಲು ಹಾಕಿದ ಅರ್ಜಿಗಳ ವಿಷಯ ಅವಳಿಗೆ ಗೊತ್ತಿರಲಿಲ್ಲ. ಗೊತ್ತು ಮಾಡುವ ಮನಸ್ಸು ನನಗೆ ಬರಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟೆ.

‘ಮುಂದಿನ ಎಳ್ಳಮಾಸಿಗೂ ನೀವು ಇಲ್ಲೇ ಇರ್ತೀರಲ್ರಿ?’ ಎಂದಳು.

ಅತ್ತ ಕಾಕಾ ಗೇಟು ಎಳೆದು ಸರಪಳಿ ಸುತ್ತುತ್ತಿದ್ದರು.

‘ಇರ್ತೇನಿ ಗೌಡ್ತಿ’ ಎಂದೆ. ‘ಎಲ್ಲಿ ಹೋಗ್ಲಿ?’

ಕೀಲಿ ಬಿದ್ದ ಸದ್ದು ಕೇಳಿತು. ಹುಡುಗಿ ಗಂಟು ಬಿಚ್ಚಲು ಓಡಿದಳು.